ಲೆವೆಲ್ಲಿಗೆ ಬಾರದ ಕೋರ್ಸು

ದೇವರು ಮನುಷ್ಯನಿಗೆ ಕಣ್ಣು, ಕಿವಿ, ಹೊಟ್ಟೆ ಎಲ್ಲವನ್ನೂ ತಾನೇ ಕೊಟ್ಟು ಕಳಿಸುತ್ತಾನೆ. ಅವನು ಎಷ್ಟನೆಯ ಲೆವೆಲ್ಲಿನವನು ಎಂಬುದನ್ನು ಮಾತ್ರ ನಮ್ಮ ಊರಿನವರ ತೀರ್ಮಾನಕ್ಕೆ ಬಿಟ್ಟಿದ್ದಾನೆ. ನಮ್ಮದು ವಿಶ್ವವಿದ್ಯಾಲಯವಿರುವ ಊರು. ಇಲ್ಲಿ ಹೊಸಬನೊಬ್ಬ ಕಂಡರೆ ಕ್ಷೇಮ ವಿಚಾರಿಸುವ ಮೊದಲು "ಯಾವ ಲೆವೆಲ್?" ಎಂದು ಕೇಳುತ್ತಾರೆ. ಮೊದಲ ವರ್ಷದವನು ನೂರು, ಎರಡನೆಯ ವರ್ಷದವನು ಇನ್ನೂರು. ನಾನೂರಕ್ಕೆ ಪದವಿ, ಎಂಟುನೂರಕ್ಕೆ ಅದರ ಮೇಲಿನದು, ಒಂಬೈನೂರಕ್ಕೆ ಡಾಕ್ಟರು. ನೂರರವನು ಇನ್ನೂರರವನಿಗೆ ಬೆಂಚು ಬಿಡುತ್ತಾನೆ. ಕ್ಷೌರದ ಅಂಗಡಿಯಲ್ಲಿ ಸರದಿ ತಪ್ಪಿದರೆ ಕ್ಷೌರಿಕನೇ ಲೆವೆಲ್ ಕೇಳಿ ನ್ಯಾಯ ಹೇಳುತ್ತಾನೆ. ಅಂಗಡಿಯ ಕತ್ತರಿಗೂ ಇದು ತಿಳಿದಿದೆ ಎಂದು ನನ್ನ ಅನುಮಾನ.

ಇಂಥ ಊರಿನಲ್ಲಿ ಬಾಬಾ ಕಿಕೆ ಅರವತ್ತು ದಾಟುವವರೆಗೆ ಲೆವೆಲ್ ಇಲ್ಲದೆಯೇ ಬದುಕಿದ್ದ. ಕಿಕೆ ಅವನ ಮಗಳು; ಬಾಬಾ ಎಂದರೆ ಅಪ್ಪ, ಮಾಮಾ ಎಂದರೆ ಅಮ್ಮ. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಅಪ್ಪನನ್ನು ಅವನ ಸ್ವಂತ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಆ ಹೆಸರು ಈಗ ಅವನಿಗೂ ಪಿಂಚಣಿ ಕಚೇರಿಗೂ ಮಾತ್ರ ಗೊತ್ತು. ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸ ಮಾಡಿ ನಿವೃತ್ತನಾಗಿದ್ದ. ನಲ್ಲಿಯಲ್ಲಿ ನೀರೇ ಬಾರದ ಊರಿನಲ್ಲಿ ಆ ಕೆಲಸವನ್ನು ಯಾರ ಕೈಯಲ್ಲೂ ಪೆಟ್ಟು ತಿನ್ನದೆ ಮುಗಿಸಿದ್ದು ಸಾಮಾನ್ಯ ಸಾಧನೆಯಲ್ಲ. ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಹೋದ ಈಸ್ಟರಿಗೆ ಮುಂಚೆ ನನ್ನ ಹೆಂಡತಿ ತೀರಿಕೊಂಡ ಮೇಲೆ ನನಗೆ ಬೆಳಗಿನ ಗಂಜಿ ಆ ಗೋಡೆಯ ಮೇಲಿನಿಂದಲೇ ಬರುತ್ತಿತ್ತು. ಆದ್ದರಿಂದ ಅವರ ಮನೆಯ ಸಂಗತಿ ನನಗೆ ತಿಳಿಯದೆ ಇರಲು ದಾರಿಯಿರಲಿಲ್ಲ.

ಕಿಕೆಗೆ ಗಂಡು ಗೊತ್ತಾಗಿತ್ತು. ಹುಡುಗ ದೋತುನ್, ಒಳ್ಳೆಯವನು, ಬ್ಯಾಂಕಿನಲ್ಲಿ ಕೆಲಸ. ಅವನ ತಂದೆ ಡಾಕ್ಟರ್ ಅಡೆಟೊನಾ ವಿಶ್ವವಿದ್ಯಾಲಯದ ಉಪ ಕುಲಸಚಿವರು. ಎರಡು ಮನೆಯವರೂ ಎದುರುಬದುರು ಕೂತು ಪರಿಚಯ ಮಾಡಿಕೊಳ್ಳುವ ಶಾಸ್ತ್ರಕ್ಕೆ ದಿನ ನೋಡಲು ಹುಡುಗನ ಸೋದರತ್ತೆ ಬೋಲಾಜೋಕೊ ಬಂದಳು. ಆಕೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಕುಟ್ಟಿದ ಗೆಣಸಿನ ಮುದ್ದೆಯನ್ನು ಎರಡು ಸಲ ಹಾಕಿಸಿಕೊಂಡು, ಕೈ ತೊಳೆದು, ಕೇಳಿದಳು.

"ಅಂದಹಾಗೆ, ನಮ್ಮ ಬೀಗರು ಯಾವ ಲೆವೆಲ್ಲಿಗೆ ನಿಲ್ಲಿಸಿದ್ರು?"

"ಅವರು ನೀರಿನ ಕಚೇರೀಲಿ..." ಎಂದಳು ಮಾಮಾ ಕಿಕೆ.

"ಕೆಲಸ ಕೇಳ್ಲಿಲ್ಲ ತಾಯಿ, ಲೆವೆಲ್ ಕೇಳ್ದೆ. ಶಾಸ್ತ್ರದ ದಿನ ಅದನ್ನ ನಡೆಸಿಕೊಡೋ ಮಾತುಗಾರ್ತಿ ಎಲ್ಲರೆದುರಿಗೂ ಕೇಳ್ತಾಳೆ. ಆಗ ಏನಾದ್ರೂ ಒಂದು ಹೇಳ್ಬೇಕಲ್ಲ. ನಮ್ಮ ಕಡೆ ಏಳುನೂರಕ್ಕಿಂತ ಕೆಳಗಿರೋನು ಕಾರ್ ಡ್ರೈವರ್ ಒಬ್ಬನೇ."

ಆಕೆ ಹೋದ ಮೇಲೆ ಮಾಮಾ ಕಿಕೆ ಗಂಡನನ್ನು ಬೈಯಲಿಲ್ಲ. ಪಾತ್ರೆಗಳನ್ನು ಬೈದಳು. ಅದು ಗೋಡೆಯ ಈಚೆಗೂ ಕೇಳಿತು. ಮರುದಿನ ಬೆಳಿಗ್ಗೆ ಬಾಬಾ ಕಿಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದ.

"ಅಣ್ಣ, ಮಗಳ ಶಾಸ್ತ್ರದಲ್ಲಿ ನಾನು ತಲೆ ತಗ್ಗಿಸಿ ಕೂರೋ ಹಾಗಾಗ್ಬಾರ್ದು. ಯೂನಿವರ್ಸಿಟಿಗೆ ಸೇರೋಣ ಅಂತ. ಜೊತೆಗೆ ಬಾ."

ನಾನು ಹೋದೆ. ಕೃಷಿ ವಿಭಾಗದ ಹಿಂಭಾಗದಲ್ಲಿ ಹೊರಗಿನವರಿಗೆ ಪಾಠ ಹೇಳುವ ವಿಸ್ತರಣಾ ಘಟಕವೊಂದಿದೆ. ಅಲ್ಲಿನ ಗುಮಾಸ್ತೆ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು.

"ಸರ್ಟಿಫಿಕೇಟ್ ಎಲ್ಲಿ ಬಾಬಾ?"

"ಇಲ್ಲ ಮಗಳೇ. ಸರ್ಟಿಫಿಕೇಟ್ ಕೊಡೋ ವರ್ಷ ನಮ್ಮಪ್ಪ ತೀರ್ಕೊಂಡ."

"ಹಾಗಾದ್ರೆ ನೂರಕ್ಕೆ ಸೇರ್ಸೋಕಾಗಲ್ಲ. ಕ್ರೆಡಿಟ್ ಇಲ್ಲದ್ದು ಒಂದಿದೆ. ಬಸವನಹುಳು ಸಾಕಣೆ. ಸೊನ್ನೆ ಸೊನ್ನೆ ನಾಲ್ಕು."

"ಅದು ಯಾವ ಲೆವೆಲ್?"

"ಮೊದಲ್ನೇ ಅಂಕಿ ಲೆವೆಲ್ ಹೇಳುತ್ತೆ ಬಾಬಾ. ಇಲ್ಲಿ ಮೊದಲ್ನೇದೇ ಸೊನ್ನೆ. ಪದವಿಗೆ ಸೇರೋದಿಲ್ಲ. ಇದು ಲೆವೆಲ್ಲಿಗೆ ಬರೋದಲ್ಲ."

"ಆದ್ರೂ ಯೂನಿವರ್ಸಿಟೀದೇ ತಾನೆ?"

"ನಂಬರ್ ಇದೆಯಲ್ಲ. ನಂಬರ್ ಇದ್ಮೇಲೆ ಯೂನಿವರ್ಸಿಟೀದೇ."

"ಇದನ್ನ ನೋಡ್ಕೊಳ್ಳೋ ದೊಡ್ಡೋರು ಯಾರು?"

ಗುಮಾಸ್ತೆ ಸುಲಿಯುವುದನ್ನು ನಿಲ್ಲಿಸಿದಳು. "ಮೇಷ್ಟ್ರು ಗುರುವಾರ ಬರ್ತಾರೆ. ಅವರ ಮೇಲೆ ಯಾರು ಅಂತ ನಮಗೂ ಗೊತ್ತಿಲ್ಲ. ನಾನು ಸೇರಿದಾಗಿಂದ ಯಾರೂ ಕೇಳೋಕೆ ಬಂದಿಲ್ಲ. ನೀವೂ ಕೇಳ್ಬೇಡಿ."

ಹೀಗೆ ಬಾಬಾ ಕಿಕೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದ. ಮೊದಲ ಗುರುವಾರ ಪಾಠ ಮುಗಿಸಿಕೊಂಡು, ಬಗಲಲ್ಲಿ ಫೈಲು ಇಟ್ಟುಕೊಂಡು, ನೇರವಾಗಿ ನಮ್ಮ ಬೀದಿಯ ಮನೆ ಮಾಲೀಕರ ಸಂಘದ ಸಭೆಗೆ ಬಂದ. ಆ ಸಭೆಯಲ್ಲಿ ಹೆಚ್ಚು ಓದಿದವರು ಮೊದಲು ಮಾತಾಡಬೇಕು. ಬಾಬಾ ಕಿಕೆಯ ಸರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಕುರ್ಚಿಗಳನ್ನು ಎತ್ತಿಡುತ್ತಿರುತ್ತಾರೆ. ಅಧ್ಯಕ್ಷ ಎಂಜಿನಿಯರ್ ಫಲೋಡುನ್ ಫೈಲನ್ನು ನೋಡಿದ.

"ಎಲ್ಲಿಂದ ಬಂದ್ರಿ ಬಾಬಾ ಕಿಕೆ?"

"ಯೂನಿವರ್ಸಿಟಿಯಿಂದ. ಕ್ಲಾಸಿತ್ತು."

ಸಭೆ ತಿರುಗಿ ನೋಡಿತು. "ಓಹೋ. ಯಾವ ಲೆವೆಲ್ಲು?"

ಸೊನ್ನೆ ಎಂದು ಹೇಳಲೆಂದೇ ಅವನು ಬಾಯಿ ತೆರೆದ. ಅದಕ್ಕೆ ನಾನು ಸಾಕ್ಷಿ. ಆದರೆ ಆ ಪದ ಹಲ್ಲಿನ ಹತ್ತಿರ ಬಂದು ನಿಂತಿತು. ಅದರ ಬದಲು ಗುಮಾಸ್ತೆಯ ಮಾತು ಹೊರಬಿತ್ತು.

"ಅದು ಲೆವೆಲ್ಲಿಗೆ ಬರೋದಲ್ಲ."

ಎಂಜಿನಿಯರ್ ಬೆರಳು ಮಡಿಸಿ ಎಣಿಸಿದ. "ಒಂಬೈನೂರಕ್ಕೆ ಡಾಕ್ಟರು. ಅದರ ಮೇಲೆ ಅಂಕಿ ಇಟ್ಟಿಲ್ಲ. ಅಂದ್ರೆ ಅದನ್ನ ದಾಟಿ ಹೋದೋರಿಗೆ ಲೆವೆಲ್ಲೇ ಇರಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಕ್ರೆಡಿಟ್ ಎಷ್ಟು ಸಾರ್?" ಎಂದ.

"ಕ್ರೆಡಿಟ್ ಇಲ್ಲ."

"ಕೇಳ್ಕೊಳ್ಳಿ ಎಲ್ರೂ," ಎಂದ ಎಂಜಿನಿಯರ್. "ಕ್ರೆಡಿಟ್ಟೂ ಬೇಡ ಅನ್ನೋ ಹಂತ ಅದು."

ಅಂದು ಮೊಟ್ಟಮೊದಲು ಮಾತಾಡುವಂತೆ ಬಾಬಾ ಕಿಕೆಯನ್ನು ಕೇಳಿಕೊಂಡರು. ಅವನು ಎದ್ದು, "ಚರಂಡಿ ಕಟ್ಟಿದೆ. ಗುದ್ದಲಿ ತಂದು ತೆಗೀಬೇಕು," ಎಂದ. ಎಷ್ಟೋ ವರ್ಷದಿಂದ ಖಾಲಿ ಕುರ್ಚಿಗಳಿಗೆ ಅವನು ಇದೇ ಮಾತನ್ನು ಹೇಳುತ್ತ ಬಂದಿದ್ದ. ಈಗ ಚಪ್ಪಾಳೆ ಬಿತ್ತು. ಶನಿವಾರ ಚರಂಡಿಯಲ್ಲಿ ನೀರು ಹರಿಯಿತು. ಇಷ್ಟು ಗಹನವಾದ ಪರಿಹಾರ ಸಾಮಾನ್ಯ ಓದಿಗೆ ಹೊಳೆಯುವಂಥದ್ದಲ್ಲ ಎಂದು ಬೀದಿಯಲ್ಲಿ ಮಾತಾಯಿತು.

ಮುಂದಿನ ಭಾನುವಾರ ಚರ್ಚಿನಲ್ಲಿ ಅವನಿಗೆ ಮುಂದಿನ ಸಾಲು ಸಿಕ್ಕಿತು. ಪಾದ್ರಿಗಳು ಪ್ರಸಂಗದ ನಡುವೆ ಎರಡು ಸಲ ಅವನ ಕಡೆ ನೋಡಿ ತಮ್ಮ ಗ್ರೀಕ್ ಪದವನ್ನು ತಿದ್ದಿಕೊಂಡರು. ಅವನು ತಿದ್ದಿಸಿದ್ದಲ್ಲ, ಕೆಮ್ಮಿದ್ದ ಅಷ್ಟೆ.

ಸಾಕಿ ಕಲಿಯಲೆಂದು ಕೋರ್ಸಿನಲ್ಲಿ ಎಲ್ಲರಿಗೂ ಬಸವನಹುಳುಗಳನ್ನು ಕೊಟ್ಟಿದ್ದರು. ಅಂಗೈ ತುಂಬುವಷ್ಟು ದೊಡ್ಡವು, ನಮ್ಮಲ್ಲಿ ಸಾರಿಗೆ ಹಾಕಿ ತಿನ್ನುವ ಜಾತಿ. ಗುರುತಿಗಾಗಿ ಚಿಪ್ಪಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಒಂದು ದಿನ ಏಳನೆಯದು ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಎಂಜಿನಿಯರನ ಕಾಂಪೌಂಡು ಗೋಡೆ ಹತ್ತಿತು. ನಮ್ಮ ಬೀದಿಯಲ್ಲಿ ಅಂಥ ಗಾತ್ರದ ಬಸವನಹುಳು ಕಣ್ಣಿಗೆ ಬಿದ್ದರೆ ಅದರ ಆಯುಷ್ಯ ಮೆಣಸಿನಕಾಯಿ ಅರೆಯುವಷ್ಟು ಹೊತ್ತು ಮಾತ್ರ. ಎಂಜಿನಿಯರನ ಹೆಂಡತಿ ಪಾತ್ರೆ ಹಿಡಿದು ಓಡಿಬಂದವಳು ನಂಬರು ನೋಡಿ ನಿಂತುಬಿಟ್ಟಳು. ಗಂಡ ಹೆಂಡತಿ ಅದನ್ನು ತಟ್ಟೆಯಲ್ಲಿಟ್ಟು, ಮೇಲೆ ಕರವಸ್ತ್ರ ಹೊದಿಸಿ, ಬೀದಿ ದಾಟಿ ತಂದರು.

"ಸಾರ್, ನಿಮ್ಮ ಸಂಶೋಧನೆ ನಮ್ಮ ಗೋಡೆ ಮೇಲೆ ಬಂದಿತ್ತು," ಎಂದ ಎಂಜಿನಿಯರ್. "ನಾವೇನೂ ಮಾಡ್ಲಿಲ್ಲ. ಅದಾಗೇ ಒಂದು ಪರಂಗಿ ಎಲೆ ತಿಂತು. ಬರ್ಕೊಳ್ಳೋದಿದ್ರೆ ಬರ್ಕೊಳ್ಳಿ."

ಬಾಬಾ ಕಿಕೆ ಹೆಂಡತಿಗಾದರೂ ನಿಜ ಹೇಳಿಬಿಡೋಣವೆಂದು ನೋಡಿದ. "ಕಿಕೆ ಅಮ್ಮ, ನಾನು ಓದ್ತಾ ಇರೋದು ಏನಂದ್ರೆ..."

"ಬೇಡ ಬಿಡಿ," ಎಂದಳು ಆಕೆ, ಸಾರಿನೊಳಗಿನ ದೊಡ್ಡ ತುಂಡನ್ನು ಹುಡುಕಿ ಅವನ ತಟ್ಟೆಗೆ ಹಾಕುತ್ತ. "ನಂಗೆ ಅರ್ಥ ಆಗೋ ವಿಷಯ ಅಲ್ಲ ಅದು. ನೀವು ಉಣ್ಣಿ, ತಲೆಗೆ ಬೇಕಾಗುತ್ತೆ."

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಎಂಜಿನಿಯರ್ ಫಲೋಡುನ್ ಒಂದು ಸಂಜೆ ಪ್ರಾಧ್ಯಾಪಕರ ಕ್ಲಬ್ಬಿನಲ್ಲಿ ಡಾಕ್ಟರ್ ಅಡೆಟೊನಾ ಅವರ ಪಕ್ಕದಲ್ಲೇ ಕೂತ.

ಡಾಕ್ಟರ್ ಅಡೆಟೊನಾ ಸಾಧುಗಳು. ಅವರಿಗೆ ಇದ್ದ ಹೆಮ್ಮೆ ಒಂದೇ: ವಿಶ್ವವಿದ್ಯಾಲಯದ ಕೋರ್ಸುಗಳಿಗೆಲ್ಲ ನಂಬರು ಕೊಟ್ಟವರು, ಆ ನಿಯಮಗಳನ್ನು ಬರೆದವರು ಅವರೇ. ಒಬ್ಬ ರೈತ ತನ್ನ ಕೋಳಿಗಳನ್ನು ಬಲ್ಲಂತೆ ಅವರು ಆ ನಂಬರುಗಳನ್ನು ಬಲ್ಲರು. ಸಂಜೆ ಎಣಿಸಿಯೇ ಮಲಗುತ್ತಾರೆಂದು ಅವರ ಮನೆಯವರೇ ಹೇಳುತ್ತಿದ್ದರು.

"ನಿಮ್ಮಲ್ಲಿ ಒಂಬೈನೂರರ ಮೇಲೆ, ಲೆವೆಲ್ಲಿಗೇ ಬಾರದ ಒಂದು ಕೋರ್ಸಿದೆಯಂತಲ್ಲ ಸಾರ್," ಎಂದ ಎಂಜಿನಿಯರ್.

ಡಾಕ್ಟರು ಚಮಚ ಕೆಳಗಿಟ್ಟರು. "ಯಾರು ಹೇಳಿದ್ದು?"

"ನಮ್ಮ ಕಡೆ ಒಬ್ಬ ಹಿರಿಯರು ಓದ್ತಿದ್ದಾರೆ. ಹೆಸರು ಹೇಳೋ ಹಾಗಿಲ್ಲ. ಸರಕಾರದ ವ್ಯವಹಾರ ಇರ್ಬಹುದು. ನಂಬರ್ ಹಾಕಿದ ಪ್ರಾಣಿಗಳೆಲ್ಲ ಇವೆ."

ಡಾಕ್ಟರು ಅಂದು ಊಟ ಮುಗಿಸಲಿಲ್ಲ. ತಮಗೆ ತಿಳಿಯದ ಒಂದು ಕೋರ್ಸು, ಲೆವೆಲ್ ಇಲ್ಲದ್ದು, ಯಾರ ಹತೋಟಿಯೂ ಇಲ್ಲದ್ದು, ತಮ್ಮ ಗೋಡೆಗಳೊಳಗೆ ಓಡಾಡುತ್ತಿದೆ. ಬೆಳಗಾಗುತ್ತಲೇ ವಿಚಾರಣೆ ಹೊರಟಿತು. ಸ್ನಾತಕೋತ್ತರ ವಿಭಾಗದವರು ಯೋಜನಾ ಶಾಖೆಯವರನ್ನು ಕೇಳಿ ಎಂದರು. ಯೋಜನಾ ಶಾಖೆಯವರು, ಇಂಥದ್ದೇನಾದರೂ ಇದ್ದರೆ ಅದು ವೈದ್ಯಕೀಯದ್ದೇ ಆಗಿರಬೇಕು ಎಂದರು. ವೈದ್ಯಕೀಯದವರು ತಮ್ಮಲ್ಲಿ ಈಗಿರುವುದನ್ನೇ ಕಲಿಸಲು ಜನವಿಲ್ಲ ಎಂದರು. ವಿಸ್ತರಣಾ ಘಟಕಕ್ಕೂ ಪ್ರಶ್ನೆ ಬಂತು: "ಡಾಕ್ಟರೇಟಿನ ಮೇಲ್ಪಟ್ಟ ಕೋರ್ಸು ನಿಮ್ಮಲ್ಲಿದೆಯೆ?" ಕಡಲೆಕಾಯಿ ಸುಲಿಯುತ್ತಿದ್ದ ಗುಮಾಸ್ತೆ ಪ್ರಾಮಾಣಿಕವಾಗಿ ಇಲ್ಲ ಎಂದಳು.

ಆಮೇಲೆ ಡಾಕ್ಟರು ತಮ್ಮ ಕೈಲಿದ್ದ ಕೊನೆಯ ಅಸ್ತ್ರ ಬಿಟ್ಟರು. ಕ್ಯಾಂಪಸ್ಸಿನ ರೇಡಿಯೋದಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ ಅವರ ದನಿಯೇ ಬಂತು: "ಈ ವಿಶ್ವವಿದ್ಯಾಲಯದಲ್ಲಿ ಒಂಬೈನೂರರ ಆಚೆ ಯಾವ ಕೋರ್ಸೂ ಇರುವುದಿಲ್ಲ. ಲೆವೆಲ್ಲಿಗೆ ಬಾರದ ಕೋರ್ಸಿನಲ್ಲಿ ಓದುತ್ತಿರುವುದಾಗಿ ಹೇಳಿಕೊಳ್ಳುವ ವ್ಯಕ್ತಿ ನಮ್ಮ ವಿದ್ಯಾರ್ಥಿಯಲ್ಲ. ಅವನು ಮೋಸಗಾರ. ಕಂಡವರು ಕಾವಲಿನವರಿಗೆ ಒಪ್ಪಿಸತಕ್ಕದ್ದು."

ಇದರಿಂದ ಬಾಬಾ ಕಿಕೆಯ ಮಾನ ಹೋಗುತ್ತದೆಂದು ನೀವು ತಿಳಿದರೆ ನಮ್ಮ ಬೀದಿ ನಿಮಗೆ ಗೊತ್ತಿಲ್ಲ ಎಂದಾಯಿತು. ಎಂಜಿನಿಯರ್ ಎಲ್ಲರಿಗೂ ವಿವರಿಸಿದ. "ಅಷ್ಟು ಗುಟ್ಟಿನದು ಅದು. ಇಲ್ಲ ಅಂತಾನೇ ಹೇಳ್ಬೇಕು ಅವರು. ಇದೆ ಅಂತ ರೇಡಿಯೋದಲ್ಲಿ ಹೇಳೋಕಾಗುತ್ತಾ?" ಅಂದಿನಿಂದ ಬೀದಿಯವರು ಬಾಬಾ ಕಿಕೆಗೆ ನಮಸ್ಕರಿಸುವುದನ್ನೂ ಆಚೀಚೆ ನೋಡಿ ಗುಟ್ಟಾಗಿ ಮಾಡತೊಡಗಿದರು.

ಅವನು ಮಾತ್ರ ನನ್ನ ಮನೆಗೆ ಬಂದು ಸ್ಟೂಲಿನ ಮೇಲೆ ಕುಸಿದ.

"ಅಣ್ಣ, ರೇಡಿಯೋದಲ್ಲಿ ನನ್ನನ್ನ ಮೋಸಗಾರ ಅಂದದ್ದು ಬೇರೆ ಯಾರೂ ಅಲ್ಲ, ನನ್ನ ಬೀಗ. ಶನಿವಾರ ಶಾಸ್ತ್ರ. ಮಾತುಗಾರ್ತಿ ಕೇಳೇ ಕೇಳ್ತಾಳೆ. ಲೆವೆಲ್ಲಿಗೆ ಬರೋದಲ್ಲ ಅಂದ್ರೆ ಕಾವಲಿನೋರು. ಸೊನ್ನೆ ಅಂದ್ರೆ ಅವರ ಡ್ರೈವರ್ರಿಗಿಂತ ಕೆಳಗೆ. ಕಿಕೆ ಆ ಮನೇಲಿ ಹೇಗೆ ಬಾಳ್ತಾಳೆ?"

"ಪ್ರಾರ್ಥನೆ ಮಾಡಿ ನಿಜ ಹೇಳಿಬಿಡು," ಎಂದೆ.

"ನಿಜಾನೇ ಅಣ್ಣ ನಾನು ಹೇಳಿದ್ದು. ನಿಜ ಹೇಳಿಯೇ ಈ ಗತಿ."

ಪ್ರಾರ್ಥನೆಯನ್ನಷ್ಟೇ ಮಾಡಿದೆವು.

ಶನಿವಾರ ಬೀದಿಗೆ ಅಡ್ಡವಾಗಿ ಶಾಮಿಯಾನ ಎದ್ದಿತು. ಹುಡುಗನ ಕಡೆಯವರೆಲ್ಲ ಒಂದೇ ನೀಲಿ ಬಟ್ಟೆ, ನಮ್ಮ ಕಡೆಯವರೆಲ್ಲ ಒಂದೇ ಕೇಸರಿ ಬಟ್ಟೆ. ಗಂಜಿ ಹಾಕಿದ ನಿಲುವಂಗಿ ತೊಟ್ಟು ಕೂತಾಗ ಒಬ್ಬೊಬ್ಬರೂ ಎರಡು ಕುರ್ಚಿ ಹಿಡಿದರು. ಹುಡುಗಿಯ ಕಡೆಯ ಹಿರಿಯನಾಗಿ ನನ್ನನ್ನು ಬಾಬಾ ಕಿಕೆಯ ಪಕ್ಕದಲ್ಲೇ ಕೂರಿಸಿದ್ದರು. ಎದುರಿಗೆ ಡಾಕ್ಟರ್ ಅಡೆಟೊನಾ. ಕಣ್ಣಿನ ಕೆಳಗೆ ಕಪ್ಪು, ಪಾಪ ನಿದ್ದೆಯಿಲ್ಲ. ಎದುರಿಗೆ ಕೂತ ಬೀಗನೇ ಆ ವಿದ್ಯಾರ್ಥಿಯೆಂದು ಅವರಿಗೆ ಗೊತ್ತಿರಲಿಲ್ಲ.

ನಡುವೆ ನಿಂತದ್ದು ಮಾತುಗಾರ್ತಿ ಅಯಿಂಕೆ. ಶಾಸ್ತ್ರ ನಡೆಸಿಕೊಡಲೆಂದು ಕರೆಸಿದ ಹೆಂಗಸು. ಅಂದಿನ ಮಟ್ಟಿಗೆ ಆಕೆಯ ಮಾತು ಕಾನೂನು. ರಾಜ ಬಂದರೂ ದಂಡ ಹಾಕುತ್ತಾಳೆ. ಹುಡುಗನನ್ನೂ ಅವನ ಸ್ನೇಹಿತರನ್ನೂ ನಮ್ಮ ಕಾಲಿಗೆ ಉದ್ದಂಡ ಬೀಳಿಸಿದಳು. "ಹೊಟ್ಟೆ ನೆಲಕ್ಕೆ ತಾಗ್ಲಿ ಮಗನೇ, ಬ್ಯಾಂಕಲ್ಲಿ ಏನ್ ಕಲ್ಸಿದ್ರು ನಿಂಗೆ?" ಎಂದು ಮತ್ತೊಮ್ಮೆ ಬೀಳಿಸಿದಳು. ಆಮೇಲೆ ಹುಡುಗನ ಕಡೆಯವರು ಒಬ್ಬೊಬ್ಬರೇ ಎದ್ದು ಹೆಸರು, ಲೆವೆಲ್ ಹೇಳಿದರು. ಎಂಟುನೂರು, ಒಂಬೈನೂರು, ಒಂಬೈನೂರು. ಅತ್ತೆ ಬೋಲಾಜೋಕೊ ತನ್ನದನ್ನು ಎರಡು ಸಲ ಹೇಳಿದಳು.

ಮೈಕು ನಮ್ಮ ಕಡೆ ತಿರುಗಿತು.

"ಈಗ ಹುಡುಗಿ ತಂದೆ. ಏಳಿ ಅಪ್ಪ. ಬೀದೀಲಿ ಏನೇನೋ ಕೇಳ್ದೆ ನಾನು. ನೀವು ಲೆವೆಲ್ಲಿಗೆ ಬಾರದ ಕೋರ್ಸಲ್ಲಿ ಓದ್ತೀರಂತೆ, ಹೌದಾ?"

ಡಾಕ್ಟರ್ ಅಡೆಟೊನಾ ಕುರ್ಚಿಯ ಕೈ ಹಿಡಿದುಕೊಂಡು ಅರ್ಧ ಎದ್ದರು. ಎಂಜಿನಿಯರ್ ಫಲೋಡುನ್, ಗುಟ್ಟು ಬಯಲಾಯಿತಲ್ಲ ಎಂದು ಟೋಪಿಯಿಂದ ಮುಖ ಮುಚ್ಚಿಕೊಂಡ. ಬಾಬಾ ಕಿಕೆ ಮಗಳ ಕಡೆ ನೋಡಿದ. ಮುಸುಕಿನೊಳಗೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅವನು ಮೈಕನ್ನು ತಾನೇ ಈಸಿಕೊಂಡ.

"ಹೌದು. ಅದರ ನಂಬರು ಸೊನ್ನೆ ಸೊನ್ನೆ ನಾಲ್ಕು. ಬಸವನಹುಳು ಸಾಕೋದು. ನಂಗೆ ಶಾಲೆ ಸರ್ಟಿಫಿಕೇಟ್ ಇಲ್ಲ, ಬೇರೆ ಯಾವುದಕ್ಕೂ ತಗೊಳ್ಳಲಿಲ್ಲ. ಈ ದಿನ ಮಗಳಿಗೆ ಒಂದು ಮಾತು ಬರ್ಬಾರ್ದು ಅಂತ ಸೇರ್ದೆ. ಗುರುವಾರ ಗುರುವಾರ ತಪ್ಪದೆ ಹೋಗ್ತೀನಿ. ಇಷ್ಟೇ ನನ್ನ ಲೆವೆಲ್ಲು."

"ಹುಳವಾ?" ಎಂದಳು ಅತ್ತೆ ಬೋಲಾಜೋಕೊ, ನಿಧಾನವಾಗಿ.

ಡಾಕ್ಟರು ಕೈಯೆತ್ತಿ ತಂಗಿಯನ್ನು ಸುಮ್ಮನಿರಿಸಿದರು. ಅವರು ಸಿಟ್ಟಾಗಿರಲಿಲ್ಲ. ಕಳೆದ ಕೋಳಿ ಸಿಕ್ಕಿದ ರೈತನ ಮುಖ ಅವರದು.

"ಸೊನ್ನೆ ಸೊನ್ನೆ ನಾಲ್ಕು," ಎಂದರು. "ಸೊನ್ನೆ. ನಾನು ಮೇಲೆ ಹುಡುಕ್ತಿದ್ದೆ." ಆಮೇಲೆ ಮೇಜಿನ ಮುಂದೆ ಕೂತ ಅಧಿಕಾರಿಯ ದನಿಯಲ್ಲಿ, "ಅದರ ಉಸ್ತುವಾರಿ ಯಾರದು?" ಎಂದು ಕೇಳಿದರು.

"ಯಾರದೂ ಇಲ್ವಂತೆ ಬೀಗರೇ. ಗುಮಾಸ್ತೆ ಹೇಳಿದ್ಲು."

"ಹಾಗಿರೋಕಾಗಲ್ಲ. ನಿಯಮ ಇದೆ. ನಾನೇ ಬರ್ದಿದ್ದು. ಕ್ರೆಡಿಟ್ ಇಲ್ಲದ ಕೋರ್ಸು ಯಾವ ವಿಭಾಗದ ಕೈಲೂ ಇಲ್ದಿದ್ರೆ, ಅದು ನೇರವಾಗಿ..." ಅವರ ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು.

"ನೇರವಾಗಿ ಯಾರ ಕೈಗೆ?" ಎಂದಳು ಅಯಿಂಕೆ. ಆ ಹೆಂಗಸಿಗೆ ರಕ್ತದ ವಾಸನೆ ಬೇಗ ತಿಳಿಯುತ್ತದೆ.

ಸುಳ್ಳು ಹೇಳಲು ಬಾರದ ಮನುಷ್ಯ ಅವರು. "ಉಪ ಕುಲಸಚಿವರ ಕೈಗೆ," ಎಂದರು. "ನನ್ನ ಕೈಗೆ. ಇವರು ಯಾವ ವಿಭಾಗದ ವಿದ್ಯಾರ್ಥೀನೂ ಅಲ್ಲ, ನನ್ನ ವಿದ್ಯಾರ್ಥಿ."

"ಓಹೋ. ಮತ್ತೆ ರೇಡಿಯೋದಲ್ಲಿ ಮೋಸಗಾರ ಅಂದದ್ದು ಯಾರನ್ನ?"

"ಇವರನ್ನ."

"ಯಾರು ಅಂದದ್ದು?"

"ನಾನು."

ಅಯಿಂಕೆ ಮೈಕನ್ನು ಕಿತ್ತುಕೊಂಡು ನಮ್ಮ ಕಡೆಯ ಹೆಂಗಸರತ್ತ ತಿರುಗಿದಳು. "ಕೇಳಿದ್ರಾ ತಾಯಂದಿರಾ? ಹೆಣ್ಣು ಕೇಳೋಕೆ ಬಂದ ಮನೆಯೋರು ಹೆಣ್ಣಿನ ತಂದೇನ ಇಡೀ ಊರಿಗೆ ಕೇಳೋ ಹಾಗೆ ಮೋಸಗಾರ ಅಂದಿದ್ದಾರೆ. ಇದಕ್ಕೆ ದುಡ್ಡಿನ ದಂಡ ಸಾಕಾ?" ಕೇಸರಿ ಬಟ್ಟೆಯವರೆಲ್ಲ ಒಟ್ಟಿಗೆ ಸಾಲದು ಎಂದರು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಮಾಮಾ ಕಿಕೆಯ ದನಿ. "ಹಾಗಾದ್ರೆ ಡಾಕ್ಟರೇ, ಇಲ್ಲಿ ನೂರಿಲ್ಲ, ಒಂಬೈನೂರಿಲ್ಲ. ಈ ಶಾಮಿಯಾನದ ಕೆಳಗೆ ನಂಬರ್ ಕೊಡೋಳು ನಾನು. ಮಗ ಬಿದ್ದ ಹಾಗೇ ಬೀಳಿ."

ಹುಡುಗನ ತಂದೆ ಬೀಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಎದ್ದು ಬೇಡವೆನ್ನಬೇಕೆಂದಿದ್ದೆ. ಅಷ್ಟರಲ್ಲಿ ಡಾಕ್ಟರ್ ಅಡೆಟೊನಾ ಟೋಪಿ ತೆಗೆದು ತಂಗಿಯ ಮಡಿಲಲ್ಲಿಟ್ಟರು. ಗಂಜಿ ಹಾಕಿದ ನೀಲಿ ನಿಲುವಂಗಿ ಗುಡಾರದಂತೆ ಉಬ್ಬಿತು, ಮೆಲ್ಲಗೆ ಕುಸಿಯಿತು. ಉಪ ಕುಲಸಚಿವರು ಚಾಪೆಯ ಮೇಲೆ ಉದ್ದಕ್ಕೆ ಮಲಗಿದರು. ಅವರ ಹಿಂದೆ ಒಂಬೈನೂರು, ಒಂಬೈನೂರು, ಎಂಟುನೂರು, ಎಲ್ಲವೂ ಸಾಲಾಗಿ ನೆಲ ಹಿಡಿದವು. ಕೊನೆಗೆ ಅತ್ತೆ ಬೋಲಾಜೋಕೊ ಮಂಡಿಯೂರಿದಳು. ಆ ಕಡೆಯಲ್ಲಿ ನಿಂತುಕೊಂಡೇ ಇದ್ದವನು ಕಾರ್ ಡ್ರೈವರ್ ಒಬ್ಬನೇ.

ಅಭ್ಯಾಸಬಲದಿಂದ ನಾನು ನಗುತ್ತ ಪಕ್ಕಕ್ಕೆ ತಿರುಗಿದೆ. ನನ್ನ ಹೆಂಡತಿ ಕೂರಬೇಕಾಗಿದ್ದ ಕುರ್ಚಿಯಲ್ಲಿ ಯಾರದೋ ಕೈಚೀಲವಿತ್ತು. ದೇವರ ಚಿತ್ತ. ಆಕೆ ಇದ್ದಲ್ಲಿಂದಲೇ ನೋಡಿರುತ್ತಾಳೆ.

ಬಿದ್ದವರು ಹೆಣ್ಣಿನ ತಂದೆ ಹೇಳುವವರೆಗೆ ಏಳುವಂತಿಲ್ಲ. ಅಯಿಂಕೆ ಮೈಕನ್ನು ಬಾಬಾ ಕಿಕೆಯ ಬಾಯಿಗೆ ಹಿಡಿದಳು. "ಹೇಳಿ ಅಪ್ಪ. ಇವರನ್ನ ಪಾಸ್ ಮಾಡ್ತೀರೋ, ಫೇಲ್ ಮಾಡ್ತೀರೋ?"

ಬಾಬಾ ಕಿಕೆ ಅವಸರ ಮಾಡಲಿಲ್ಲ. ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಮೇಲೆ ಬಗ್ಗಿ ಡಾಕ್ಟರ ತೋಳು ಹಿಡಿದ.

"ಏಳಿ ಬೀಗರೇ," ಎಂದ. "ನಮ್ಮ ಕೋರ್ಸಲ್ಲಿ ಯಾರನ್ನೂ ಫೇಲ್ ಮಾಡಲ್ಲ."